ನಾನು ಕತ್ತರಿಸಿದ ಹಾಡು

ಫೋನಿನಲ್ಲಿ ಆಕೆ "ಮದುವೆ ಕ್ಯಾಸೆಟ್ ಇದೆ, ಪೆನ್‌ಡ್ರೈವಿಗೆ ಹಾಕಿಕೊಡ್ತೀರಾ?" ಎಂದಾಗ ನಾನು ಒಂದು ಮರುಪ್ರಶ್ನೆ ಕೇಳಬೇಕಿತ್ತು, ಕೇಳಲಿಲ್ಲ. ನಮ್ಮ ಕಡೆ ಕ್ಯಾಸೆಟ್ ಎಂದರೆ ಏನು ಬೇಕಾದರೂ ಆಗಬಹುದು. ರೀಲು ಸುತ್ತಿದ ಕಪ್ಪು ಡಬ್ಬಿಯೂ ಕ್ಯಾಸೆಟ್ಟೇ, ಹೊಳೆಯುವ ಸಿ.ಡಿಯೂ ಕ್ಯಾಸೆಟ್ಟೇ. ಪೆನ್‌ಡ್ರೈವನ್ನು "ಸಣ್ಣ ಕ್ಯಾಸೆಟ್" ಎಂದು ಕರೆದವರೂ ಉಂಟು. ಇಷ್ಟು ವರ್ಷ ಇದೇ ವಿಡಿಯೊ ಅಂಗಡಿಯಲ್ಲಿ ಕೂತವಳಿಗೆ ಅದು ಗೊತ್ತಿರಬೇಕಿತ್ತು. "ತನ್ನಿ" ಎಂದುಬಿಟ್ಟೆ. ಕಪ್ಪು ಡಬ್ಬಿಯೇ ಇರಬೇಕೆಂದುಕೊಂಡು ಅಟ್ಟದಿಂದ ಅದನ್ನು ಓಡಿಸುವ ವಿಸಿಆರ್ ಇಳಿಸಿ, ಧೂಳು ಒರೆಸಿ, ಮೇಲಿನ ಮುಚ್ಚಳ ಬಿಚ್ಚಿ ನೋಡಿದರೆ ಒಳಗಿನ ರಬ್ಬರ್ ಬೆಲ್ಟ್ ಒಣಗಿ ಚಕ್ಕೆಯಾಗಿತ್ತು. ಅರ್ಧ ದಿನ ಅದರ ಜೊತೆ ಗುದ್ದಾಡಿದೆ. ಮಧ್ಯಾಹ್ನ ಆಕೆ ಬಂದು ಬ್ಯಾಗಿನಿಂದ ತೆಗೆದು ಮೇಜಿನ ಮೇಲಿಟ್ಟದ್ದು ಎರಡು ಸಿ.ಡಿ.

"ಅಯ್ಯೋ, ಇವು ಸಿ.ಡಿ ಅಲ್ವೇನ್ರೀ?" ಎಂದೆ.

"ಹೌದು, ಮದುವೆ ಕ್ಯಾಸೆಟ್ಟು. ನಿಮ್ಮಲ್ಲೇ ಮಾಡ್ಸಿದ್ದು. ನೋಡಿ, ಅಂಗಡಿ ಚೀಟಿ ಇನ್ನೂ ಅಂಟ್ಕೊಂಡಿದೆ."

ಆಕೆ ಶಿಕಾರಿಪುರದಲ್ಲೇ ಹೈಸ್ಕೂಲು ಟೀಚರ್. ತವರು ಸೊರಬ ತಾಲೂಕಿನ ಜಡೆ. ಇಪ್ಪತ್ತು ವರ್ಷಕ್ಕೂ ಹಿಂದೆ ಜಡೆಯ ಮನೆಯ ಮುಂದೆ ಚಪ್ಪರ ಹಾಕಿ ನಡೆದ ಆಕೆಯ ಮದುವೆಗೆ ನಮ್ಮ ಯಜಮಾನರು ಕ್ಯಾಮೆರಾ ಹೊತ್ತಿದ್ದರು. ಅವರು ಹೊರಗೆ ಹಿಡಿದು ತರುವವರು, ನಾನು ಒಳಗೆ ಕೂತು ಕತ್ತರಿಸಿ ಜೋಡಿಸುವವಳು. ನಮ್ಮ ಸಂಸಾರವೂ ಅಂಗಡಿಯೂ ನಡೆದದ್ದು ಈ ಲೆಕ್ಕಾಚಾರದಲ್ಲೇ.

"ಮನೇಲಿ ಪ್ಲೇಯರ್ ಇದೆ, ಆದ್ರೆ ಹೊಸ ಟಿವಿಗೆ ಆ ಕೆಂಪು, ಹಳದಿ, ಬಿಳಿ ವೈರಿನ ತೂತೇ ಇಲ್ಲ ನೋಡಿ. ಈಗ ಪ್ಲೇಯರ್ ಮೇಲೆ ವೈಫೈ ಡಬ್ಬಿ ಇಟ್ಟಿದೀವಿ" ಎಂದರು ಟೀಚರ್. ಆಮೇಲೆ ಕುರ್ಚಿ ಎಳೆದುಕೊಂಡು ಕೂತು ವಿಷಯ ಹೇಳಿದರು.

ಅವರ ಸೋದರತ್ತೆ, ಅಂದರೆ ಅಪ್ಪನ ಅಕ್ಕ, ಜಡೆಯಲ್ಲಿ ಟೀಚರ್‌ನ ತಮ್ಮನ ಮನೆಯಲ್ಲೇ ಇದ್ದಾರೆ. ಸುತ್ತಿನ ಹತ್ತೂರಿನ ಮದುವೆಗಳಲ್ಲಿ ಸೋಬಾನೆ ಹೇಳಿದವರು. ಅದಕ್ಕಿಂತ ಹೆಚ್ಚಾಗಿ ಬೀಗರ ಹಾಡಿಗೆ ಹೆಸರಾದವರು. ಎಣ್ಣೆ-ಅರಿಶಿಣದ ಹೊತ್ತಿನಲ್ಲಿ ಗಂಡಿನ ಕಡೆಯವರನ್ನು ಸಾಲಾಗಿ ಕೂರಿಸಿ, ಒಬ್ಬರ ಮೂಗು, ಇನ್ನೊಬ್ಬರ ನಡಿಗೆ, ಮತ್ತೊಬ್ಬರ ಹೊಟ್ಟೆ, ಯಾವುದನ್ನೂ ಬಿಡದೆ ಅಲ್ಲೇ ಪದ ಕಟ್ಟಿ ಕಿಚಾಯಿಸುವವರು. ಎದುರಿಗೆ ಕೂತವರನ್ನು ನೋಡಿ ಪದ ಬದಲಾಯಿಸುವುದರಲ್ಲೇ ಅವರ ಜಾಣತನವಂತೆ. ಎರಡು ತಿಂಗಳ ಹಿಂದೆ ಅವರಿಗೆ ಲಕ್ವ ಹೊಡೆದು ಬಲಗೈ, ಬಲಗಾಲಿನ ಜೊತೆ ಮಾತೂ ಹೋಯಿತು. ಕಾಲು ಸ್ವಲ್ಪ ಸುಧಾರಿಸಿದೆ. ಮಾತು ಮಾತ್ರ "ಬಾ, ಬಾ" ಎಂಬಲ್ಲಿಗೇ ನಿಂತಿದೆ. ನೀರು ಬೇಕಾದರೂ ಬಾ ಬಾ, ಸಿಟ್ಟು ಬಂದರೂ ಬಾ ಬಾ.

"ಶಿವಮೊಗ್ಗದಲ್ಲಿ ಮಾತು ಕಲಿಸೋರು ಒಬ್ರು ಇದಾರೆ. ಅವ್ರು ಹೇಳಿದ್ರು, ಮಾತು ಹೋದ್ರೂ ಕೆಲವ್ರಿಗೆ ಹಾಡು ಒಳಗೆ ಉಳ್ಕೊಂಡಿರುತ್ತೆ, ಅವರದೇ ದನೀಲಿ ಅವರದೇ ಹಾಡು ಕೇಳ್ಸಿ, ಜೊತೇಲಿ ಹೇಳೋಕೆ ಪ್ರಯತ್ನ ಮಾಡ್ಲಿ ಅಂತ. ತಡ ಮಾಡ್ಬೇಡಿ, ಈಗಿನ ತಿಂಗಳುಗಳೇ ಮುಖ್ಯ ಅಂದ್ರು. ನಾವೆಲ್ಲ ಹಾಡಿ ನೋಡಿದ್ವಿ ಮಾರಾಯ್ರೆ. ಅತ್ತೆ ಮುಖ ತಿರುಗ್ಸಿ ಗೋಡೆ ನೋಡ್ತಾರೆ. ತಪ್ಪು ಹಾಡ್ತೀವಿ ಅಂತ ಸಿಟ್ಟು. ಅವರ ದನಿ ಎಲ್ಲೂ ರೆಕಾರ್ಡ್ ಆಗಿಲ್ಲ. ಮೊಬೈಲ್ ಎದುರು ಹಾಡು ಅಂದ್ರೆ, ಮದ್ವೆ ಇಲ್ದೇ ಎಂಥಾ ಹಾಡು ಅಂತ ಬೈತಿದ್ರು. ಇರೋದು ನನ್ನ ಮದ್ವೇದೊಂದೇ. ಅವತ್ತು ಒಂದು ತಾಸಿನ ಮೇಲೆ ಹಾಡಿದಾರೆ."

ನಾಳೆ ಬನ್ನಿ ಎಂದು ಕಳಿಸಿದೆ.

ಒಂದು ಸಿ.ಡಿಯ ಹೊಳೆಯುವ ಬದಿಗೆ ಅಡ್ಡಲಾಗಿ ಮೂರು ಬೆರಳಿನ ವಿಭೂತಿ ಪಟ್ಟೆ ಇತ್ತು, ನಡುವೆ ಕುಂಕುಮದ ಬೊಟ್ಟು. ಇದು ನನಗೆ ಹೊಸದಲ್ಲ. ಆಯುಧಪೂಜೆಯ ದಿನ ಟ್ರ್ಯಾಕ್ಟರಿಗೆ, ಹೊಲಿಗೆ ಯಂತ್ರಕ್ಕೆ, ಮಿಕ್ಸಿಗೆ ಹಚ್ಚಿದ ಹಾಗೆ ಪ್ಲೇಯರಿಗೂ ಹಚ್ಚುತ್ತಾರೆ. ಭಕ್ತಿ ಹೆಚ್ಚಾದವರು ಟ್ರೇ ಹೊರಗೆ ಎಳೆದು ಒಳಗಿನ ತಟ್ಟೆಗೂ ಹಚ್ಚುತ್ತಾರೆ. ಪ್ಲೇಯರುಗಳು ರಿಪೇರಿಗೆ ಬರುತ್ತಿದ್ದ ಕಾಲದಲ್ಲಿ ದಸರಾ ಮುಗಿದ ವಾರ ನನಗೆ ಲೆನ್ಸಿನಿಂದ ವಿಭೂತಿ ತೆಗೆಯುವುದೇ ಕೆಲಸವಾಗಿತ್ತು. ಸಿ.ಡಿಯನ್ನು ಸುತ್ತ ತಿರುಗಿಸಿ ಒರೆಸಬಾರದು, ಗೀರು ಓದುವ ದಾರಿಯುದ್ದಕ್ಕೂ ಬೀಳುತ್ತದೆ. ಮಗುವಿನ ಸೋಪಿನ ನೀರಿನಲ್ಲಿ ಅದ್ದಿ, ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರ ಎಳೆಯಬೇಕು. ಹಾಗೇ ಮಾಡಿ, ನೆರಳಿನಲ್ಲಿ ಒಣಗಿಸಿದೆ.

ಈಗಿನ ಲ್ಯಾಪ್‌ಟಾಪುಗಳಿಗೆ ಸಿ.ಡಿ ಹಾಕುವ ಜಾಗವೇ ಇಲ್ಲ. ನನ್ನ ಹತ್ತಿರ ಮೂರು ಹಳೆಯ ಡ್ರೈವುಗಳಿವೆ. ಒಂದು ಓದದ್ದನ್ನು ಇನ್ನೊಂದು ಓದುತ್ತದೆ, ಯಾಕೆ ಎಂದು ಕೇಳಬೇಡಿ. ವಿಭೂತಿ ಹಚ್ಚಿದ ಸಿ.ಡಿಯನ್ನು ಮೊದಲನೆಯ ಡ್ರೈವು ಗೊಣಗಿ ಹೊರಗೆ ಹಾಕಿತು. ಎರಡನೆಯದು ಅರ್ಧ ಓದಿ ಸುಮ್ಮನಾಯಿತು. ಮೂರನೆಯದು, ಎಲ್ಲಕ್ಕಿಂತ ಹಳೆಯದು, ನಿಧಾನಕ್ಕೆ ಪೂರ್ತಿ ಓದಿತು. ಸಂಜೆಯ ಹೊತ್ತಿಗೆ ಎರಡೂ ಸಿ.ಡಿ ಕಂಪ್ಯೂಟರಿಗೆ ಇಳಿದಿದ್ದವು. ಒಂದು ಲೋಟ ಚಹಾ ಮಾಡಿಕೊಂಡು ಬಂದು, ಹೆಮ್ಮೆಯಿಂದ ನೋಡಲು ಕೂತೆ.

ಎಣ್ಣೆ-ಅರಿಶಿಣ ಬಂತು. ಹಸೆಯ ಮೇಲೆ ಹುಡುಗಿ ಟೀಚರ್. ಸುತ್ತ ಹೆಂಗಸರು. ನಡುವೆ ದಪ್ಪ ಕುಂಕುಮದ, ಎತ್ತರದ ಹೆಂಗಸೊಬ್ಬರು ಕೈ ಬೀಸಿ ಹಾಡುತ್ತಿದ್ದಾರೆ. ಅವರೇ ಅತ್ತೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಬಾಯಿ ಆಡುತ್ತಿದೆ, ಸುತ್ತಲಿನವರು ನಗುತ್ತಿದ್ದಾರೆ, ದನಿ ಇಲ್ಲ. ದನಿ ಇರಬೇಕಾದ ಜಾಗದಲ್ಲಿ ಓಲಗ ಮೊಳಗುತ್ತಿದೆ. ನಲವತ್ತು ಸೆಕೆಂಡು. ಆಮೇಲೆ ಮೇಲಿನಿಂದ ಗುಲಾಬಿ ಹೂ ಉದುರಿ, ಹೂವಿನ ಹಿಂದಿನಿಂದ ಧಾರೆ ಮುಹೂರ್ತ ಶುರುವಾಯಿತು.

ಆ ಉದುರುವ ಹೂ ನನ್ನದು. ಆ ಓಲಗವೂ ನನ್ನದೇ. ಪ್ರತಿ ಮದುವೆಗೂ ಅದೇ ಓಲಗ ಅಂಟಿಸುತ್ತಿದ್ದೆ.

ಕಪ್ಪು ಡಬ್ಬಿಯ ಕಾಲದಲ್ಲಿ ಒಂದು ಕ್ಯಾಸೆಟ್ಟಿಗೆ ಮೂರು ತಾಸು ಹಿಡಿಯುತ್ತಿತ್ತು. ಮದುವೆ ಬಂದ ಹಾಗೆ ತುಂಬಿಕೊಡುತ್ತಿದ್ದೆವು. ಸಿ.ಡಿ ಪ್ಲೇಯರು ಮನೆಮನೆಗೆ ಬಂದ ಮೇಲೆ ಎಲ್ಲರಿಗೂ ಸಿ.ಡಿಯೇ ಬೇಕಾಯಿತು. ಒಂದರಲ್ಲಿ ಹಿಡಿಯುವುದು ಒಂದು ತಾಸಿಗಿಂತ ಸ್ವಲ್ಪ ಹೆಚ್ಚು. "ಎರಡ್ರಾಗ ಮುಗ್ಸ್ರೀ" ಎನ್ನುತ್ತಿದ್ದರು. ಮುಗಿಸಬೇಕಾದರೆ ಏನಾದರೂ ಬಿಡಬೇಕು. ಧಾರೆ ಬಿಡುವ ಹಾಗಿಲ್ಲ, ಉಡುಗೊರೆ ಕೊಟ್ಟು ಫೋಟೊಗೆ ನಿಂತವರನ್ನು ಬಿಟ್ಟರೆ ಜಗಳ. ಉಳಿದದ್ದು ಊಟದ ಪಂಕ್ತಿ ಮತ್ತು ಹೆಂಗಸರ ಹಾಡು. ಹಾಡನ್ನು ಯಾರು ನೋಡುತ್ತಾರೆ ಎಂದು ನಾನೇ ತೀರ್ಮಾನಿಸಿದೆ. ಒಬ್ಬರೂ ಕೇಳಿಕೊಂಡು ಬರಲಿಲ್ಲ. ಆಮೇಲೆ ಡಿವಿಡಿ ಬಂತು, ಜಾಗ ಬೇಕಾದಷ್ಟಿತ್ತು. ಆದರೆ ಜನ ತಂದುಕೊಟ್ಟದ್ದು ಸಿ.ಡಿಗಳನ್ನು, ಕಪ್ಪು ಡಬ್ಬಿಯನ್ನಲ್ಲ. ಆ ಡಿವಿಡಿಯಿಂದ ಪೆನ್‌ಡ್ರೈವಿಗೆ, ಪೆನ್‌ಡ್ರೈವಿನಿಂದ ಮೊಬೈಲಿಗೆ. ಪ್ರತಿ ಸಲವೂ ಚಿತ್ರ ಹೊಸ ಡಬ್ಬಿಗೆ ಹೋಯಿತು, ನಾನು ಮೊದಲ ಸಲ ಕತ್ತರಿಸಿದ್ದು ಹಾಗೇ ಕತ್ತರಿಸಿಕೊಂಡೇ ಹೋಯಿತು. ಈಗ ಪ್ಲೇಯರುಗಳು ಗುಜರಿಗೆ ಹೋಗಿವೆ. ಈಚಿನ ಮದುವೆಗಳಲ್ಲಿ ಯಜಮಾನರು ಕೊಡುವುದು ಮೂರು ನಿಮಿಷದ ತುಣುಕು, ಅದನ್ನೂ ಪೂರ್ತಿ ನೋಡುವವರು ಕಡಿಮೆ.

ನನಗೆ ತುಂಬ ನಾಚಿಕೆಯಾಯಿತು. ಗಂಡಸರು ಕತ್ತರಿಸಿದ್ದರೆ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದೆ. ನನ್ನ ಮದುವೆಯಲ್ಲಿ ನನ್ನ ಚಿಕ್ಕಮ್ಮಂದಿರು ಹಾಡಿದ ಹಾಡುಗಳೂ ನನಗೆ ಇನ್ನೂ ನೆನಪಿವೆ.

ಮರುದಿನ ಟೀಚರ್ ಫೋನ್ ಮಾಡಿದಾಗ ಮೊದಲು ಬಾಯಿಗೆ ಬಂದದ್ದು ಸುಳ್ಳು. "ವಿಭೂತಿ ಹಚ್ಚಿದ್ರಲ್ಲ, ಆ ಜಾಗ ಸ್ವಲ್ಪ ಕೆಟ್ಟೈತ್ರೀ, ನೋಡ್ತೀನಿ" ಎಂದೆ. "ಅಯ್ಯೋ, ಅದು ಹಚ್ಚಿದ್ದು ನಾನೇ" ಎಂದರು ಆಕೆ. ಆ ದನಿ ಕೇಳಿ ನನಗೆ ತಡೆಯಲಾಗಲಿಲ್ಲ. ನನ್ನ ಕೈಯಾರೆ ಅತ್ತೆಯ ಹಾಡು ಅಳಿಸಿದೆ ಎಂದು ಆಕೆ ಉಳಿದ ಜೀವಮಾನವೆಲ್ಲ ಕೊರಗಬೇಕಾಗುತ್ತಿತ್ತು.

"ಇಲ್ಲ ಟೀಚರ್, ಸುಳ್ಳು ಹೇಳಿದೆ. ಸಿ.ಡಿ ಸರಿ ಐತಿ. ಹಾಡು ಅದ್ರಾಗ ಇಲ್ಲ. ಅವತ್ತು ನಾನೇ ಕತ್ತರಿಸಿ ತೆಗ್ದೀನಿ."

"ನೀವೇ?"

"ನಾನೇ."

ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. "ಹಂಗಾದ್ರೆ ಕತ್ತರಿಸಿದ್ದು ಎಲ್ಲಿ?" ಎಂದು ಕೇಳಿದರು, ಬಟ್ಟೆಯ ತುಂಡನ್ನು ಕೇಳಿದ ಹಾಗೆ.

ಆಗ ತಲೆ ಓಡಿತು. ಕ್ಯಾಮೆರಾದಲ್ಲಿ ಹಿಡಿದ ಮೂಲ ಕಪ್ಪು ಡಬ್ಬಿಯನ್ನು ನಾವು ಇಟ್ಟುಕೊಳ್ಳುತ್ತಿರಲಿಲ್ಲ, ಮದುವೆ ಮನೆಗೇ ಕೊಟ್ಟುಬಿಡುತ್ತಿದ್ದೆವು. "ಮನೇಲಿ ಇನ್ನೊಂದು ಕ್ಯಾಸೆಟ್ ಇರ್ಬೇಕು ನೋಡ್ರಿ" ಎಂದೆ. ಆಕೆ ಜಡೆಗೆ ಫೋನ್ ಮಾಡಿ ವಿಚಾರಿಸಿ, ಅರ್ಧ ತಾಸಿನಲ್ಲಿ ಉತ್ತರ ತಂದರು. "ಇಲ್ಲ. ಕ್ಯಾಸೆಟ್ ಎಲ್ಲಾ ನೀನೇ ತಗೊಂಡು ಹೋಗಿದೀಯ ಅಂದ ತಮ್ಮ."

ಎರಡು ದಿನ ನಾನು ಅದನ್ನೇ ನಂಬಿಕೊಂಡು ಕೂತೆ. ಹಳೆಯ ಡಬ್ಬಿಗಳನ್ನೆಲ್ಲ ನೆಲಕ್ಕೆ ಸುರಿದು ಹುಡುಕಿದೆ, ಎಲ್ಲಾದರೂ ಒಂದು ನಕಲು ಉಳಿದಿದೆಯೇ ಎಂದು. ಯಜಮಾನರು ನನ್ನನ್ನೂ ನೆಲವನ್ನೂ ನೋಡಿ, "ಮನೆ ಖಾಲಿ ಮಾಡಾಕತ್ತೀಯೇನು?" ಎಂದರು. ಅವರ ಹತ್ತಿರ ಗೋಳು ಹೇಳಿಕೊಂಡೆ. ಅವರು ಕೈಗೆ ಸಿಕ್ಕ ಕಪ್ಪು ಡಬ್ಬಿಯೊಂದನ್ನು ತಿರುಗಿಸುತ್ತಾ, "ಇದಕ್ಕ ಜಡೆಯಾಗ ಕ್ಯಾಸೆಟ್ ಅಂತಾರೇನು?" ಎಂದು ಕೇಳಿದರು.

ಮೊದಲ ದಿನ ಬಿಟ್ಟ ಪ್ರಶ್ನೆ ಅದೇ. ಅವರ ಕೈಯಲ್ಲಿದ್ದ ಡಬ್ಬಿಯ ಫೋಟೊ ತೆಗೆದು ಟೀಚರಿಗೆ ಕಳಿಸಿದೆ, ಅವರು ತಮ್ಮನಿಗೆ ಕಳಿಸಿದರು. ಹತ್ತು ನಿಮಿಷದಲ್ಲಿ ತಮ್ಮನೇ ನನಗೆ ಫೋನ್ ಮಾಡಿದ.

"ಇದಾ? ಇದು ಹಕ್ಕಿ ರೀಲು ಅಲ್ವೇನ್ರೀ! ಇದನ್ನ ಕೇಳಿದ್ರೆ ಅವತ್ತೇ ಹೇಳ್ತಿದ್ದೆ. ಒಂದಿದೆ, ಅಟ್ಟದ ಮೇಲೆ, ಬೀಜದ ಡಬ್ಬದ ಪಕ್ಕ."

ಭತ್ತ ಹಾಲುಗಟ್ಟುವ ಹೊತ್ತಿಗೆ ಗದ್ದೆಯ ಸುತ್ತ ಗೂಟ ನೆಟ್ಟು ಈ ರೀಲನ್ನು ಎಳೆದು ಕಟ್ಟುತ್ತಾರೆ. ಗಾಳಿಗೆ ಅದು ಗುಂಯ್ ಎನ್ನುತ್ತದೆ, ಬಿಸಿಲಿಗೆ ಮಿಂಚುತ್ತದೆ, ಹಕ್ಕಿ ಹತ್ತಿರ ಬರುವುದಿಲ್ಲ. ಆ ಮನೆಯಲ್ಲಿ ಅದು ಕ್ಯಾಸೆಟ್ ಆಗಿ ಉಳಿದೇ ಇರಲಿಲ್ಲ. "ಒಂದು ಬೆಳೆಗೆ ಎಳೆದು ಕಟ್ಟಿದ್ದು. ಇನ್ನೂ ಸುಮಾರು ಮಿಕ್ಕಿತ್ತು, ಮುಂದಿನ ವರ್ಷಕ್ಕೆ ಆಗುತ್ತೆ ಅಂತ ಎತ್ತಿಟ್ಟೆ. ಆಮೇಲೆ ಬಲೆ ಬಂತು, ಬೇಕಾಗ್ಲಿಲ್ಲ" ಎಂದ. ಮಿಕ್ಕಿದ್ದು ಯಾವ ಭಾಗ?

ಇಲ್ಲಿ ನನ್ನದೊಂದು ಕೆಟ್ಟ ಚಾಳಿಯ ಬಗ್ಗೆ ಹೇಳಬೇಕು. ಕೆಲಸ ಮುಗಿದ ಮೇಲೆ ನಾನು ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿಡುತ್ತಿರಲಿಲ್ಲ. ಕೊನೆಗೆ ಬಂದು ನಿಂತದ್ದನ್ನು ಹಾಗೇ ತೆಗೆದು ಡಬ್ಬಿಗೆ ಹಾಕುತ್ತಿದ್ದೆ. ಅದಕ್ಕಾಗಿ ಯಜಮಾನರಿಂದ ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ. ಈಗ ಯೋಚಿಸಿದೆ. ಕ್ಯಾಸೆಟ್ಟು ಕೊನೆಯಲ್ಲಿ ನಿಂತಿದ್ದರೆ ರೀಲೆಲ್ಲ ಬಲಗಡೆಯ ಚಕ್ರದಲ್ಲಿರುತ್ತದೆ. ಡಬ್ಬಿಯ ಬಾಗಿಲು ಎತ್ತಿ ರೀಲು ಎಳೆದರೆ ಮೊದಲು ಬರುವುದು ಕೊನೆಯ ಭಾಗ: ಹೆಣ್ಣು ಒಪ್ಪಿಸಿಕೊಡುವುದು, ಊಟ, ಫೋಟೊ. ಬೆಳಗಿನ ಎಣ್ಣೆ-ಅರಿಶಿಣ ಚಕ್ರದ ಒಳಗೆ, ತಳದಲ್ಲಿ. ಹೇಳಿದ ಮಾತು ಕೇಳಿ ಹಿಂದಕ್ಕೆ ಸುತ್ತಿಟ್ಟಿದ್ದರೆ ಗದ್ದೆಗೆ ಹೋಗಿರುತ್ತಿದ್ದುದು ಹಾಡೇ.

ಇದನ್ನು ಹೇಳಿದಾಗ ಯಜಮಾನರು, "ಇಷ್ಟು ವರ್ಷ ಬೈದಿದ್ದು ವಾಪಸ್ ತಗೊಳ್ಳಂಗಿಲ್ಲ" ಎಂದರು.

ವಿಸಿಆರಿಗೆ ಬೆಲ್ಟ್ ಬೇಕಿತ್ತು. ಸೊರಬದಲ್ಲಿ ಒಬ್ಬ ಮೆಕ್ಯಾನಿಕ್ ಇದ್ದಾರೆ, ಹಿಂದೆ ನಮ್ಮ ಯಂತ್ರಗಳನ್ನೆಲ್ಲ ಅವರೇ ನೋಡುತ್ತಿದ್ದರು. ಈಗ ಸೋಲಾರ್ ಬೇಲಿಯ ಪೆಟ್ಟಿಗೆ ರಿಪೇರಿ ಮಾಡುತ್ತಾರೆ. ಬಸ್ಸಿನಲ್ಲಿ ಅಲ್ಲಿಗೆ ಹೋದೆ. ಟೀಚರ್‌ನ ತಮ್ಮ ಜಡೆಯಿಂದ ಬೈಕಿನಲ್ಲಿ ಅಲ್ಲಿಗೇ ಬಂದು, ಗೊಬ್ಬರದ ಕವರಿನಲ್ಲಿ ಸುತ್ತಿದ ಹಕ್ಕಿ ರೀಲನ್ನು ಕೈಗೆ ಕೊಟ್ಟ. ಡಬ್ಬಿಯ ಮೂಲೆ ಇಲಿ ಕಚ್ಚಿತ್ತು. ಗಾಜಿನ ಕಿಂಡಿಯಲ್ಲಿ ನೋಡಿದರೆ ಬಲಗಡೆ ಚಕ್ರದಲ್ಲಿ ಅರ್ಧಕ್ಕಿಂತ ಸ್ವಲ್ಪ ಕಡಿಮೆ ರೀಲು, ಅದರ ಅಂಚಿನಲ್ಲಿ ಬಿಳಿ ಬೂಷ್ಟು. ಆತ ನನ್ನ ಮುಖ ನೋಡಿ, "ಆಗುತ್ತಾ ಅಕ್ಕಾ? ಅತ್ತೆಗೆ ಗೊತ್ತಾದ್ರೆ ನನ್ನ ಬಿಡೋದಿಲ್ಲ. ಅವರ ಹಾಡನ್ನ ಗಿಳಿಗೆ ಕೇಳ್ಸಿದೀನಿ" ಎಂದ. ನಕ್ಕರೂ ಅವನ ಕಣ್ಣು ನಗುತ್ತಿರಲಿಲ್ಲ.

ಮೆಕ್ಯಾನಿಕ್ ಬೆಲ್ಟ್ ಕೊಡಲಿಲ್ಲ. ಮೇಜಿನ ಕೆಳಗಿನಿಂದ ಒಂದು ಹಳೆಯ, ಅಗ್ಗದ ವಿಸಿಆರನ್ನೇ ಎಳೆದು ಕೊಟ್ಟರು.

"ನಿಮ್ದು ಜಾಣ ಯಂತ್ರ. ಚಿತ್ರ ಕೆಟ್ಟ ಕೂಡ್ಲೇ ನೀಲಿ ಪರದೆ ಹಾಕಿ ದನೀನೂ ಮುಚ್ಚಿಬಿಡುತ್ತೆ. ಇದಕ್ಕೆ ಆ ಬುದ್ಧಿ ಇಲ್ಲ ಮಾರಾಯ್ರೆ. ಏನು ಬರುತ್ತೋ ಅದನ್ನ ತೋರಿಸ್ತಾ, ಕೇಳಿಸ್ತಾ ಹೋಗುತ್ತೆ. ಬೂಷ್ಟು ಹಿಡಿದ ರೀಲಿಗೆ ಇಂಥಾ ಪೆದ್ದನೇ ಬೇಕು."

ಮುಂದಿನ ಎರಡು ದಿನ ರೀಲಿನ ಕೆಲಸ. ಬೂಷ್ಟು ಮನೆಯೊಳಗೆ ಹಾರಬಾರದು, ಉಸಿರಿಗೂ ಒಳ್ಳೆಯದಲ್ಲ, ಬೇರೆ ಕ್ಯಾಸೆಟ್ಟಿಗೂ ಅಂಟುತ್ತದೆ. ಹಿತ್ತಲಿನಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೂತೆ. ಡಬ್ಬಿಯ ಐದು ತಿರುಪು ಬಿಚ್ಚಿದೆ. ಇಲಿ ಕಚ್ಚಿದ ಕವಚ ಬಿಟ್ಟು, ಚಕ್ರವನ್ನು ಇನ್ನೊಂದು ಒಳ್ಳೆಯ ಕವಚಕ್ಕೆ ಕೂರಿಸಿದೆ. ರೀಲಿನ ಹೊರ ತುದಿಯ ಎರಡು ಮಾರು ಕಸಕ್ಕೆ ಹೋಗುವ ಹಾಗೆ ಮುದುಡಿತ್ತು. ಕತ್ತರಿ ಕೈಗೆ ತೆಗೆದುಕೊಂಡೆ. ಈ ರೀಲಿನ ಮೇಲೆ ಮತ್ತೆ ಕತ್ತರಿ ಇಡುತ್ತಿದ್ದೇನಲ್ಲ ಎನ್ನಿಸಿತು. ಆದರೆ ಮುದುಡಿದ ರೀಲು ವಿಸಿಆರಿನೊಳಗೆ ತಿರುಗುತ್ತಾ ಚಿತ್ರ ಓದುವ ಹೆಡ್ಡಿಗೆ ತಾಗಿದರೆ ಹೆಡ್ಡೇ ಮುರಿಯುತ್ತದೆ. ಕತ್ತರಿಸಿದೆ. ಟೇಪು ಹಚ್ಚಿ ಜೋಡಿಸಿದರೂ ಅದೇ ಅಪಾಯ. ಹಾಗಾಗಿ ಹೊಸ ತುದಿಯನ್ನು ನೇರವಾಗಿ ಖಾಲಿ ಚಕ್ರದ ಕ್ಲಿಪ್ಪಿಗೆ ಸಿಕ್ಕಿಸಿದೆ. ಆಮೇಲೆ ಪೆನ್ನಿನಿಂದ ಚಕ್ರ ತಿರುಗಿಸುತ್ತಾ, ಸ್ಪಿರಿಟ್ ಅದ್ದಿದ ಮೆತ್ತನೆಯ ಬಟ್ಟೆಯ ನಡುವೆ ಗೇಣು ಗೇಣಾಗಿ ರೀಲನ್ನು ಎಳೆದು ಒರೆಸಿದೆ. ಎರಡು ಕಡೆ ಸುತ್ತು ಒಂದಕ್ಕೊಂದು ಅಂಟಿತ್ತು. ಎಳೆದರೆ ಮೇಲಿನ ಕಂದು ಪದರ ಕಿತ್ತು ಬರುತ್ತದೆ. ಬಿಸಿಲಿನ ಕಾವಿಗೆ ಇಟ್ಟು, ನಿಧಾನಕ್ಕೆ ಬಿಡಿಸಿದೆ. ಒಂದು ಕಡೆ ಸರಿಯಾಗಿ ಬಿಟ್ಟಿತು. ಇನ್ನೊಂದು ಕಡೆ ಉಗುರಗಲದ ಪದರ ಹೋಯಿತು.

ಮೂರನೆಯ ದಿನ ಬೆಳಿಗ್ಗೆ ಓಡಿಸಿದೆವು. ಪೆದ್ದ ವಿಸಿಆರಿನ ವೈರು ಹಳೆಯ ಕಂಪ್ಯೂಟರಿಗೆ. ನಂಬಿಕೆ ಸಾಲದೆ ದನಿಯ ವೈರನ್ನು ಇನ್ನೊಂದು ರೆಕಾರ್ಡರಿಗೂ ಎಳೆದೆ. ಇಂಥ ರೀಲು ಎಷ್ಟು ಸಲ ಓಡುತ್ತದೆ ಎಂದು ಹೇಳಲಾಗದು. ಒಂದೇ ಸಲ ಎಂದುಕೊಂಡೇ ಕೆಲಸ ಮಾಡಬೇಕು.

ಮೊದಲು ಚಪ್ಪರ, ಬಾಳೆ ಕಂಬ, ಬಣ್ಣ ಮಾಸಿ ಎಲ್ಲರ ಮುಖ ಹಸಿರು. ಆಮೇಲೆ ಹಸೆ, ಅರಿಶಿಣದ ಬಟ್ಟಲು. ಅತ್ತೆ ಗಂಟಲು ಸರಿಮಾಡಿಕೊಂಡು ಶುರು ಮಾಡಿದರು. ಓಲಗವಿಲ್ಲದ ಅವರ ದನಿಯನ್ನು ಅಷ್ಟು ವರ್ಷದ ಮೇಲೆ ಕೇಳಿದೆ. ದಪ್ಪ ದನಿ, ಒಂದು ಬಗೆಯ ಠೇಂಕಾರ, ಪ್ರತಿ ಸಾಲಿನ ಕೊನೆಯ ಪದಕ್ಕೆ ಮೊದಲು ಒಂದು ಗಳಿಗೆ ನಿಲ್ಲಿಸಿ ಎಲ್ಲರನ್ನೂ ಕಾಯಿಸುವ ರೀತಿ. ಆ ಪದ ಬಿದ್ದ ಕೂಡಲೇ ಹೆಂಗಸರ ನಗು.

ಇಪ್ಪತ್ತು ನಿಮಿಷ ಆಗಿರಬೇಕು, ಚಿತ್ರ ಇದ್ದಕ್ಕಿದ್ದಂತೆ ಬಿಳಿ ಚುಕ್ಕೆಯಾಯಿತು. ಉಳಿದ ಬೂಷ್ಟು ಹೆಡ್ಡಿಗೆ ಮೆತ್ತಿಕೊಂಡಿತ್ತು. ದನಿ ಮಾತ್ರ ಬರುತ್ತಿತ್ತು, ಯಾಕೆಂದರೆ ದನಿ ರೀಲಿನ ಅಂಚಿನಲ್ಲಿ ಬೇರೆ ಗೆರೆಯಲ್ಲಿರುತ್ತದೆ, ಅದನ್ನು ಓದುವುದೂ ಬೇರೆ ಹೆಡ್ಡು.

"ನಿಲ್ಸು, ನಿಲ್ಸು! ಹೆಡ್ ತೊಳ್ದು ಮತ್ತ ಹಾಕೋಣ. ಚಿತ್ರ ಹೋಗ್ತೈತಿ" ಎಂದು ಯಜಮಾನರು ಗುಂಡಿಗೆ ಕೈ ಹಾಕಿದರು.

ನಾನು ಅವರ ಕೈ ಹಿಡಿದುಕೊಂಡೆ. ನಿಲ್ಲಿಸಿದರೆ ಯಂತ್ರ ರೀಲನ್ನು ಒಳಗೆಳೆದು ಮತ್ತೆ ಹೊರಗೆಳೆಯುತ್ತದೆ. ಅಂಟಿದ್ದ ಜಾಗ ಹತ್ತಿರದಲ್ಲೇ ಇತ್ತು, ಅಲ್ಲೇ ತುಂಡಾದರೆ ಚಿತ್ರವೂ ಇಲ್ಲ, ಹಾಡೂ ಇಲ್ಲ.

"ಹೋದ್ರ ಹೋಗ್ಲಿ. ಹಾಡು ಬರ್ಲಿ."

"ನಾ ಹಿಡಿದದ್ದು ಅದು" ಎಂದರು. ಅವರ ಮುಖ ಸಣ್ಣದಾಯಿತು. ಅದು ನನಗೆ ಗೊತ್ತಾಯಿತು, ಬೇಜಾರೂ ಆಯಿತು. ಆದರೂ ಕೈ ಬಿಡಲಿಲ್ಲ. ಇಪ್ಪತ್ತು ವರ್ಷದ ಹಿಂದೆ ಚಿತ್ರ ಉಳಿಸಿ ಹಾಡು ಬಿಟ್ಟಿದ್ದೆ, ಈಗ ಅದರ ತಿರುವು ಮುರುವು.

ಇಬ್ಬರೂ ಬಿಳಿ ಚುಕ್ಕೆಗಳನ್ನು ನೋಡುತ್ತಾ ಕೂತು ಕೇಳಿದೆವು. ಅತ್ತೆ ಬೀಗರ ಸಾಲು ಮುಗಿಸಿ, ಕ್ಯಾಮೆರಾದ ಕಡೆ ತಿರುಗಿರಬೇಕು.

"ಒಂಟಿ ಕಣ್ಣಿನ ಪೆಟ್ಟಿಗೆ ಹೊತ್ತು ಬಂದಾನೆ ಮಾವಯ್ಯ
ನಮ್ಮ ಹಾಡು ಕದ್ದು ಪೆಟ್ಟಿಗೆ ತುಂಬ್ಯಾನೆ ಕಳ್ಳಯ್ಯ"

ಹೆಂಗಸರ ನಗು ಚಪ್ಪರ ಹಾರುವಷ್ಟು. ಯಜಮಾನರು ಸಿಟ್ಟು ಮರೆತು ತೊಡೆ ತಟ್ಟಿಕೊಂಡರು. "ಹೌದಲ್ಲ! ಅವತ್ತು ನನಗ ಕಳ್ಳ ಅಂದಿದ್ಲು ನೋಡು ಆಯಮ್ಮ!" ಅತ್ತೆ ಅದೇ ಪದವನ್ನು ಎರಡನೆಯ ಸಲ ಎತ್ತಿದರು. "ತುಂಬ್ಯಾನೆ" ಎಂದದ್ದೇ ತಡ, ದನಿ ಪಟ್ಟನೆ ನಿಂತಿತು. ಉಗುರಗಲದ ಪದರ ಹೋದ ಜಾಗ. ರೀಲು ತುಂಡಾಗಲಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ದನಿ ಮರಳಿತು, ನಗು ನಡುವಿನಿಂದ ಕೇಳಿಸಿತು. ಹೋದದ್ದು ಒಂದೇ ಒಂದು ಪದ. ಅಲ್ಲಿಂದ ಮುಂದೆ ಹಾಡು ಕೊನೆಯವರೆಗೆ ಬಂತು.

ಆ ಭಾನುವಾರ ಪೆನ್‌ಡ್ರೈವ್ ಹಿಡಿದು ಟೀಚರ್ ಜೊತೆ ಜಡೆಗೆ ಹೋದೆ. ಫೋನಿನಲ್ಲಿ ಒಪ್ಪಿಕೊಂಡದ್ದನ್ನು ಎದುರಿಗೂ ಒಪ್ಪಿಕೊಳ್ಳಬೇಕು ಅನ್ನಿಸಿತ್ತು. ಅತ್ತೆ ಪಡಸಾಲೆಯ ಕುರ್ಚಿಯಲ್ಲಿ ಕೂತಿದ್ದರು. ಬಲಗೈ ಮಡಿಲಲ್ಲಿ. ಕುಂಕುಮ ಮಾತ್ರ ಅಷ್ಟೇ ದಪ್ಪ. ಟೀಚರ್ ಅವರ ಕಿವಿಯ ಹತ್ತಿರ ಬಗ್ಗಿ ಹೇಳಿದರು: "ಅತ್ತೆ, ನನ್ನ ಮದ್ವೆ ವಿಡಿಯೊದಿಂದ ನಿನ್ನ ಹಾಡು ಕತ್ತರಿಸಿದ್ದು ಇವ್ರೇ. ಈಗ ಹುಡುಕಿ ತಂದವ್ರೂ ಇವ್ರೇ."

ನಾನು, "ತಪ್ಪಾಯ್ತು ಅಮ್ಮಾ, ಹೊಟ್ಟೆಗೆ ಹಾಕ್ಕೊಳ್ಳಿ" ಎಂದೆ. ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ "ಬಾ, ಬಾ" ಎಂದರು. ಕರೆದರೋ, ಬೈದರೋ ತಿಳಿಯಲಿಲ್ಲ.

ಟೀಚರ್‌ನ ತಮ್ಮ ಪೆನ್‌ಡ್ರೈವನ್ನು ಟಿವಿಗೆ ಚುಚ್ಚಿದ. ಟೀಚರ್ ಮೊಬೈಲ್ ಎತ್ತಿ ಅತ್ತೆಯ ಮುಖಕ್ಕೆ ಹಿಡಿದು ರೆಕಾರ್ಡ್ ಒತ್ತಿದರು, ಶಿವಮೊಗ್ಗದವರಿಗೆ ತೋರಿಸಬೇಕಿತ್ತು. ತನ್ನದೇ ಹಳೆಯ ದನಿ ಕೇಳಿದ ಕೂಡಲೇ ಅತ್ತೆ ನೆಟ್ಟಗೆ ಕೂತರು. ಗೋಡೆ ನೋಡಲಿಲ್ಲ. ಎಡಗೈ ಕುರ್ಚಿಯ ಮೇಲೆ ತಾಳ ಹಾಕತೊಡಗಿತು. ತುಟಿ ಆಡಿತು, ದನಿ ಬರಲಿಲ್ಲ. ಐದು ನಿಮಿಷ, ಹತ್ತು ನಿಮಿಷ. ಒಂದೆರಡು ಸಲ ಗಂಟಲಿನಲ್ಲಿ ರಾಗ ಎದ್ದು ಮುಳುಗಿತು. ಟೀಚರ್‌ನ ಕೈ ಸೋತು ಮೊಬೈಲ್ ಕೆಳಗೆ ಜಾರುತ್ತಿತ್ತು. ತಮ್ಮ ಎದ್ದು ಬಾಗಿಲಿಗೆ ಹೋಗಿ ನಿಂತ. ನಾನು ಮನಸ್ಸಿನಲ್ಲೇ, ಇಷ್ಟಾದರೂ ಕೇಳಿದರಲ್ಲ ಎಂದು ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಟಿವಿಯಲ್ಲಿ ಚಿತ್ರ ಹೋಗಿ ಬಿಳಿ ಚುಕ್ಕೆ ಬಂತು. ಒಂಟಿ ಕಣ್ಣಿನ ಪೆಟ್ಟಿಗೆಯ ಪದ ಬಂತು. ಮೊದಲ ಸಲ ಮುಗಿದು ಎಲ್ಲರೂ ನಕ್ಕಾಗ ಅತ್ತೆಯ ಎಡಗಡೆಯ ತುಟಿಯೂ ನಕ್ಕಿತು. ಎರಡನೆಯ ಸಲ. ಒಂದು ಪದ ಇಲ್ಲದ ಜಾಗ ಹತ್ತಿರವಾಯಿತು ಎಂದು ನನಗೆ ಗೊತ್ತಿತ್ತು, ತಲೆ ತಗ್ಗಿಸಿದೆ.

"ನಮ್ಮ ಹಾಡು ಕದ್ದು ಪೆಟ್ಟಿಗೆ ತುಂಬ್ಯಾನೆ..."

ಟಿವಿ ಸುಮ್ಮನಾಯಿತು.

"ಕ... ಳ್ಳಿ."

ತಲೆ ಎತ್ತಿದೆ. ಅತ್ತೆಯ ಎಡಗೈ ಬೆರಳು ನೇರ ನನ್ನ ಕಡೆ ಇತ್ತು. ದನಿ ಒರಟು, ಅರ್ಧ ಗಾಳಿ. ರಾಗ ಮಾತ್ರ ಎಲ್ಲಿ ಬೀಳಬೇಕೋ ಅಲ್ಲೇ ಬಿದ್ದಿತ್ತು. ಟಿವಿಯೊಳಗಿನ ಹೆಂಗಸರು ಗೊಳ್ಳೆಂದು ನಗುತ್ತಿದ್ದರು.

"ಕಳ್ಳಯ್ಯ ಅಲ್ಲ, ಕಳ್ಳಿ!" ಟೀಚರ್ ಕೂಗಿದರು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ನಿಮ್ಮನ್ನ ನೋಡಿ ಪದ ಬದಲಾಯಿಸಿದ್ರು ಕಣ್ರೀ! ಅತ್ತೆ ಪದ ಬದಲಾಯಿಸಿದ್ರು!" ತಮ್ಮ ಬಾಗಿಲಿನಿಂದ ಓಡಿ ಬಂದ. ಅತ್ತೆ ಯಾರನ್ನೂ ಗಮನಿಸದೆ, ಎದುರಿಗೆ ಕೂತ ಬೀಗರ ಮೇಲೆ ಹೇಗೋ ಹಾಗೆ ನನ್ನ ಮೇಲೆ ಕಣ್ಣು ನೆಟ್ಟು, ಇನ್ನೊಮ್ಮೆ, ಈ ಸಲ ತಡೆಯಿಲ್ಲದೆ ಹೇಳಿದರು: "ಕಳ್ಳಿ."

"ಹೌದಮ್ಮಾ" ಎಂದೆ. ಅಷ್ಟು ಸಂತೋಷದಿಂದ ನಾನು ಯಾವ ಬೈಗುಳವನ್ನೂ ಒಪ್ಪಿಕೊಂಡಿರಲಿಲ್ಲ.

ವಾರದ ಮೇಲೆ ಟೀಚರ್ ಆ ಮೊಬೈಲ್ ವಿಡಿಯೊ ಕಳಿಸಿ ಫೋನ್ ಮಾಡಿದರು. ಶಿವಮೊಗ್ಗದವರು ನೋಡಿ, ದಿನವೂ ಹಾಡಿಸಿ ಎಂದಿದ್ದಾರಂತೆ, ಈಗ ನಾಲ್ಕೈದು ಪದ ಜೊತೆಗೂಡುತ್ತಿದೆಯಂತೆ. "ನಮ್ಮೋರಿಗೆಲ್ಲ ಕಳಿಸ್ಬೇಕು ರೀ. ಆದ್ರೆ ಇಪ್ಪತ್ತೈದು ನಿಮಿಷ ಇದೆ, ಸುಮ್ನೆ ಕೂತಿದ್ದೇ ಜಾಸ್ತಿ. ಅತ್ತೆ ಹೇಳಿದ್ದಷ್ಟೇ ಇಟ್ಟು ಮುಂದಿನದು ಹಿಂದಿನದು ಕತ್ತರಿಸಿ ಕೊಡ್ತೀರಾ?"

"ಬೇರೆ ಏನು ಬೇಕಾದ್ರೂ ಹೇಳ್ರಿ ಟೀಚರ್" ಎಂದೆ. "ಅದನ್ನ ಮಾತ್ರ ಕತ್ತರಿಸೂದಿಲ್ಲ."